ಹೊಸಪೇಟೆ–ಹಂಪೆ ಪ್ರದೇಶದ ಛಾಯಾಚಿತ್ರಣದಲ್ಲಿ ಮುಕ್ಕಾಲಿಯ ಸ್ಥಾನ

ಹಳೆಯ ಛಾಯಾಚಿತ್ರವೊಂದನ್ನು ಇತಿಹಾಸದ ಆಧಾರವೆಂದು ಸ್ವೀಕರಿಸುವಾಗ ಅದರಲ್ಲಿ ಕಾಣುವ ವಸ್ತುವನ್ನು ನಾವು ಪರಿಶೀಲಿಸುತ್ತೇವೆ; ಕ್ಯಾಮೆರಾ ಎಲ್ಲಿ, ಯಾವುದರ ಮೇಲೆ ನಿಂತಿತ್ತೆಂಬುದನ್ನು ವಿಚಾರಿಸುವುದು ವಿರಳ. ಈ ಪ್ರಶ್ನೆಯ ಮಹತ್ತ್ವವನ್ನು ಹಂಪೆಯ ನಿದರ್ಶನದಿಂದ ತಿಳಿಯಬಹುದು.

1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳನ್ನು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಆ ಕಾಲದಲ್ಲಿ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ರೂಢಿಯಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಆದುದರಿಂದ ದೊಡ್ಡ ಚಿತ್ರಕ್ಕೆ ದೊಡ್ಡ ಕ್ಯಾಮೆರಾ, ದೊಡ್ಡ ಕ್ಯಾಮೆರಾಕ್ಕೆ ಬಲವಾದ ಆಧಾರ ಅನಿವಾರ್ಯವಾಯಿತು. ಕಾಗದವು ಬೆಳಕನ್ನು ನಿಧಾನವಾಗಿ ಗ್ರಹಿಸುತ್ತಿದ್ದುದರಿಂದ ಆ ಆಧಾರವು ದೀರ್ಘಕಾಲ ನಿಶ್ಚಲವಾಗಿರಬೇಕಿತ್ತು. ಈ ನಿಶ್ಚಲತೆಯ ಫಲವಾಗಿಯೇ ವಿಠ್ಠಲ ದೇವಾಲಯದ ಕಲ್ಲಿನ ತೇರಿನ ಮೇಲೆ ಅಂದು ಇಟ್ಟಿಗೆಯ ಶಿಖರವಿದ್ದುದು ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಆ ಶಿಖರ ಈಗ ಇಲ್ಲ.

1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು ಅವೇ ದೃಶ್ಯಗಳನ್ನು ಮರಳಿ ಚಿತ್ರಿಸಿದರು. ಲೆನ್ಸನ್ನು ಬದಲಿಸಿದರೆ ಚಿತ್ರದ ವಿಸ್ತಾರ ಮಾತ್ರ ಬದಲಾಗುತ್ತದೆ. ಹತ್ತಿರದ ಬಂಡೆಗೂ ದೂರದ ಗೋಪುರಕ್ಕೂ ಇರುವ ಸಂಬಂಧವು ಕ್ಯಾಮೆರಾ ನಿಂತ ಸ್ಥಳ ಮತ್ತು ಎತ್ತರಗಳನ್ನೇ ಅವಲಂಬಿಸಿದೆ. ಆ ಸ್ಥಳವನ್ನು ಮತ್ತೆ ಕಂಡುಕೊಂಡರೆ ಮಾತ್ರ ಎರಡು ಕಾಲಗಳ ಹೋಲಿಕೆ ನಂಬಲರ್ಹವಾಗುತ್ತದೆ.

ಹೊಸಪೇಟೆಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಬಂದುದು 1880ರ ದಶಕದಲ್ಲಿ. ಒಣ ಗಾಜಿನ ಫಲಕಗಳು ಆ ವೇಳೆಗೆ ಬಳಕೆಗೆ ಬಂದಿದ್ದುದರಿಂದ ಕ್ಷಣಾಂಶದಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಗಿತ್ತು. ಆದರೂ ಮುಕ್ಕಾಲಿಯ ಅಗತ್ಯ ತಪ್ಪಲಿಲ್ಲ; ಅದರ ಕಾರ್ಯ ಮಾತ್ರ ಬದಲಾಯಿತು. ಮುಕ್ಕಾಲಿ ಕ್ಯಾಮೆರಾದ ಅಲುಗಾಟವನ್ನು ತಡೆಯುವುದೇ ಹೊರತು ರೈಲಿನ ಚಲನೆಯನ್ನಲ್ಲ. ರೈಲು ಬರುವ ಮೊದಲೇ ಚೌಕಟ್ಟನ್ನು ನಿರ್ಧರಿಸಿ ಕಾಯುವುದಕ್ಕೆ ಅದು ನೆರವಾಗುತ್ತದೆ.

ಆಧಾರದ ಆಯ್ಕೆಯನ್ನು ನೆಲವೇ ನಿರ್ಧರಿಸಬೇಕು. ಹಂಪೆಯ ಬಂಡೆಯ ಮೇಲೆ ಲೋಹದ ಮೊನೆ ಜಾರುತ್ತದೆ, ರಬ್ಬರಿನ ಪಾದ ನಿಲ್ಲುತ್ತದೆ. ಕಂಪ್ಲಿಯ ಗದ್ದೆಯಂಚಿನ ಮೆತ್ತನೆಯ ಮಣ್ಣಿನಲ್ಲಿ ಮೊನೆಯೇ ಮೇಲು. ಸಂಡೂರು ಬೆಟ್ಟಗಳ ಅದಿರನ್ನು ಹೊತ್ತ ಭಾರವಾದ ಗಾಡಿ ಸಾಗುವಾಗ ಹಳಿಯ ಬದಿಯ ನೆಲ ಕಂಪಿಸುತ್ತದೆ. ಜಲ್ಲಿಯ ಮೇಲೆ ಯಾವ ಮುಕ್ಕಾಲಿಯೂ ಸ್ಥಿರವಲ್ಲ. ಸುರಕ್ಷತೆಯ ದೃಷ್ಟಿಯಿಂದಲೂ ಹಳಿಯಿಂದ ದೂರದ ಗಟ್ಟಿ ನೆಲವೇ ಯುಕ್ತ. ಗಾಳಿ ಬೀಸುವೆಡೆ ನಡುಗಂಬವನ್ನು ಏರಿಸದೆ, ಕಾಲುಗಳನ್ನು ಅಗಲಿಸಿ ಕ್ಯಾಮೆರಾವನ್ನು ತಗ್ಗಿನಲ್ಲಿ ನಿಲ್ಲಿಸುವುದು ಲೇಸು.

ಕಳೆದ ಶತಮಾನದ ಕೊನೆಯ ದಶಕದಲ್ಲಿ ಹೊಸಪೇಟೆಯ ಮೀಟರ್‌ಗೇಜ್ ಮುಖ್ಯಮಾರ್ಗವು ಬ್ರಾಡ್‌ಗೇಜ್ ಆಯಿತು. ಆ ಹಳೆಯ ಹಳಿಯನ್ನು ಇನ್ನು ಯಾರೂ ಚಿತ್ರಿಸಲಾರರು. ಉಳಿದಿರುವ ಚಿತ್ರಗಳೇ ಆಧಾರ. ಇಂದಿನ ಮಾರ್ಗಕ್ಕೂ ಅದೇ ಗತಿ ಬರಬಹುದು. ಆದುದರಿಂದ ರೈಲಿನ ಚಿತ್ರ ತೆಗೆಯುವವರು ದಿನಾಂಕದೊಡನೆ ಮುಕ್ಕಾಲಿಯ ಸ್ಥಳ, ಎತ್ತರ, ದಿಕ್ಕುಗಳನ್ನೂ ಬರೆದಿಡಬೇಕೆಂಬುದು ನಮ್ಮ ಅಭಿಪ್ರಾಯ. ಮುಂದಿನ ಸಂಶೋಧಕನು ಅದೇ ನೆಲದಲ್ಲಿ ನಿಲ್ಲಲು ಸಾಧ್ಯವಾದಾಗ ಮಾತ್ರ ಅದು ಪೂರ್ಣ ಸಾಕ್ಷ್ಯವಾಗುತ್ತದೆ.