ಎರಡು ಸೂಜಿ ಆದ್ರೂ ಬಂತಲ್ಲ, ಮೂರನೇದ್ಯಾಕೆ?

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು. 2022ರ ಜುಲೈನಲ್ಲಿ ಸರ್ಕಾರ ಬೂಸ್ಟರ್ ಡೋಸ್ ಉಚಿತ ಅಂದಾಗ, ಟಿ. ನರಸೀಪುರದಲ್ಲಿರೋ ನಮ್ಮಜ್ಜಿ ಕೇಳಿದ್ರು: "ಎರಡು ಸೂಜಿ ಹಾಕ್ಸ್ಕೊಂಡ್ರೂ ಬಂತಲ್ಲ ಮಗ, ಮೂರ್ನೇದ್ಯಾಕೆ?" ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 2020ರ ಮಾರ್ಚ್ ಕೊನೆ. ನಂಜನಗೂಡಿನ ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ದೃಢಪಟ್ಟಿತು. ಅಲ್ಲಿಂದ ಸಹೋದ್ಯೋಗಿಗಳಿಗೆ, ಅವರ ಮನೆಯವರಿಗೂ ಹಬ್ಬಿತು. ಆಗ ಲಸಿಕೆಯೇ ಇರಲಿಲ್ಲ. ಇದ್ದದ್ದು ಮಾಸ್ಕ್, ಕ್ವಾರಂಟೈನ್, ಲಾಕ್‌ಡೌನ್.

2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾಯ್ತು. ಕೋವಿಶೀಲ್ಡ್ ತಯಾರಾಗಿದ್ದು ಮೊದಮೊದಲ ವೈರಸ್ ನೋಡಿಕೊಂಡು. ಅದು ನಮ್ಮ ತೋಳಿಗೆ ಬರೋ ಹೊತ್ತಿಗೆ ವೈರಸ್ ವೇಷ ಬದಲಿಸಿತ್ತು. ಏಪ್ರಿಲ್‌ನಲ್ಲಿ ಅಜ್ಜಿಗೆ ಮೊದಲ ಡೋಸ್ ಆಯ್ತು. ಮೇ 13ಕ್ಕೆ ಎರಡು ಡೋಸ್ ನಡುವಿನ ಅಂತರ 12ರಿಂದ 16 ವಾರಕ್ಕೆ ಏರಿತು. ಅಜ್ಜಿ ಕಾಯ್ತಿದ್ದಾಗಲೇ ಎರಡನೇ ಅಲೆ ಮನೆಗೆ ಬಂತು. ಹನ್ನೆರಡು ದಿನ ಮಲಗಿದ್ರು. ಉಳ್ಕೊಂಡ್ರು.

ಆ ಅಲೆಯ ಡೆಲ್ಟಾ ಬಗ್ಗೆ ಅದೇ ವರ್ಷ ಇಂಗ್ಲೆಂಡ್‌ನಲ್ಲಿ ಒಂದು ಅಧ್ಯಯನ ಬಂತು. ನಮ್ಮ ಕೋವಿಶೀಲ್ಡ್ ಅಲ್ಲಿ ಆಸ್ಟ್ರಾಜೆನೆಕಾ. ಕಾಯಿಲೆ ತಡೆಯೋದರಲ್ಲಿ ಎರಡು ಡೋಸ್ ಆಲ್ಫಾ ವಿರುದ್ಧ ಶೇ 74.5, ಡೆಲ್ಟಾ ವಿರುದ್ಧ ಶೇ 67. ಒಂದೇ ಡೋಸ್ ಆದ್ರೆ ಡೆಲ್ಟಾ ಎದುರು ಬರೀ ಶೇ 30ರ ಆಸುಪಾಸು.

ಶೇ 67 ಅಂದ್ರೆ ಲಸಿಕೆ ತಗೊಂಡ 100 ಜನರಲ್ಲಿ 33 ಜನಕ್ಕೆ ಕಾಯಿಲೆ ಗ್ಯಾರಂಟಿ ಅಂತಲ್ಲ. ಬಿ.ಕಾಂ. ಓದಿದವನ ಭಾಷೆಯಲ್ಲಿ ಅದು ಡಿಸ್ಕೌಂಟ್. ಲಸಿಕೆ ಇಲ್ಲದೆ 100 ಜನ ಮಲಗೋ ಕಡೆ, ಲಸಿಕೆ ಇದ್ರೆ 33 ಜನ ಮಲಗ್ತಾರೆ.

ಆಮೇಲೆ ಓಮಿಕ್ರಾನ್. ದೇಶದ ಮೊದಲ ಎರಡು ಪ್ರಕರಣ ಬೆಂಗಳೂರಿನವು, ಘೋಷಣೆಯಾಗಿದ್ದು 2021ರ ಡಿಸೆಂಬರ್ 2ಕ್ಕೆ. ಇಬ್ಬರೂ ಎರಡು ಡೋಸ್ ಪಡೆದವರೇ. ಜನವರಿಯಲ್ಲಿ ನಮ್ಮ ಮನೆಮಂದಿಗೆಲ್ಲ ಬಂತು. ಅಷ್ಟರಲ್ಲಿ ಎರಡೂ ಡೋಸ್ ಆಗಿದ್ದ ಅಜ್ಜಿಗೆ ಮೂರು ದಿನ ಕೆಮ್ಮು, ಅಷ್ಟೇ. ಎಲ್ಲಾ ಕ್ರೆಡಿಟ್ ಲಸಿಕೆಗೆ ಕೊಡಲ್ಲ. ಓಮಿಕ್ರಾನ್ ಡೆಲ್ಟಾದಷ್ಟು ತೀವ್ರ ಇರಲಿಲ್ಲ, ಹಳೇ ಸೋಂಕಿನ ನೆನಪೂ ದೇಹಕ್ಕಿತ್ತು.

ಲಸಿಕೆ ದೇಹದಲ್ಲಿ ಎರಡು ಥರದ ಕಾವಲು ಕೂರಿಸುತ್ತೆ. ಪ್ರತಿಕಾಯಗಳು ಬಾಗಿಲಲ್ಲಿ ಮುಖ ನೋಡಿ ತಡೆಯುತ್ತವೆ. ಓಮಿಕ್ರಾನ್ ತನ್ನ ಮುಳ್ಳಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆ ಮಾಡ್ಕೊಂಡು ಬಂದಿದ್ದರಿಂದ ಅವು ಏಮಾರಿದವು. ಟಿ-ಕೋಶಗಳು ವೈರಸ್‌ನ ಹಲವು ತುಣುಕುಗಳನ್ನ ಗುರುತು ಹಿಡಿಯುತ್ತವೆ, ಅಷ್ಟು ಸುಲಭಕ್ಕೆ ಏಮಾರಲ್ಲ. ಅದಕ್ಕೇ ಸೋಂಕು ಬಂದ್ರೂ ಐಸಿಯುವರೆಗೆ ಹೋಗೋ ಸಾಧ್ಯತೆ ಕಮ್ಮಿ. ಆದ್ರೆ ತಿಂಗಳು ಕಳೆದಂತೆ ರಕ್ಷಣೆ ಇಳಿಯುತ್ತೆ, ವಯಸ್ಸಾದವರಿಗೆ ಇದು ದೊಡ್ಡ ವಿಷಯ. ಮೂರನೇ ಡೋಸ್ ಅದನ್ನ ಮತ್ತೆ ಮೇಲೆತ್ತುತ್ತೆ.

2021ರಲ್ಲಿ ನಾನೇ ಅಜ್ಜಿಗೆ "ಹಾಕ್ಸ್ಕೊಂಡ್ರೆ ಬರಲ್ಲ" ಅಂದಿದ್ದೆ. "ಬಂದ್ರೂ ಜೀವಕ್ಕೆ ಅಪಾಯ ಕಮ್ಮಿ" ಅನ್ನಬೇಕಿತ್ತು. ಆಗಸ್ಟ್‌ನಲ್ಲಿ ಕೂತು ಇದನ್ನೆಲ್ಲ ಬಿಡಿಸಿ ಹೇಳಿದೆ. "ಮೊದ್ಲೇ ಹಿಂಗ್ ಹೇಳ್ಬಾರ್ದಿತ್ತಾ" ಅಂತ ಬೈದು, ಮಾರನೇ ದಿನ ನನ್ನ ಸ್ಕೂಟರ್ ಹತ್ತಿದ್ರು.