ಅವಧಿಪೂರ್ವ ಶಿಶುಗಳಿಗೆ ಆಸ್ಪತ್ರೆಯಲ್ಲಿ ಹಾಲುಣಿಸುವ ವಿಧಾನಗಳು

ಗರ್ಭಾವಸ್ಥೆಯ 37 ವಾರಗಳು ಪೂರ್ಣಗೊಳ್ಳುವ ಮೊದಲೇ ಜನಿಸಿದ ಮಗುವನ್ನು ಅವಧಿಪೂರ್ವ ಶಿಶು ಎನ್ನಲಾಗುತ್ತದೆ. ಇವರಲ್ಲಿ ತೀರಾ ಕಡಿಮೆ ತೂಕದ ಹಾಗೂ ಅಸ್ವಸ್ಥ ಶಿಶುಗಳಿಗೆ ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ವಿಶೇಷ ಆರೈಕೆ ಘಟಕಗಳಲ್ಲಿ (ಎಸ್‌ಎನ್‌ಸಿಯು) ಚಿಕಿತ್ಸೆ ನೀಡಲಾಗುತ್ತದೆ. ಮಗುವಿಗೆ ನೇರವಾಗಿ ಮೊಲೆಯೂಡಿಸಲು ಏಕೆ ಬಿಡುವುದಿಲ್ಲ ಎಂಬುದು ಘಟಕದ ಹೊರಗೆ ಕಾಯುವ ಪೋಷಕರ ಸಾಮಾನ್ಯ ಪ್ರಶ್ನೆ. ಚೀಪುವುದು, ನುಂಗುವುದು ಮತ್ತು ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಸಾಮರ್ಥ್ಯ ಸುಮಾರು 34 ವಾರಗಳ ವೇಳೆಗೆ ಬರುತ್ತದೆ. ಅದಕ್ಕೂ ಮುಂಚೆ ಬಾಯಿಗೆ ಹಾಲು ಸುರಿದರೆ ಅದು ಶ್ವಾಸಕೋಶವನ್ನು ಸೇರುವ ಅಪಾಯವಿದೆ. ಆದುದರಿಂದ ಬದಲಾಗುವುದು ಉಣಿಸುವ ವಿಧಾನವೇ ಹೊರತು ಹಾಲಲ್ಲ.

ಹಾಲುಣಿಸುವ ವಿಧಾನಗಳು

28 ವಾರಗಳಿಗೆ ಮೊದಲೇ ಜನಿಸಿದ ಶಿಶುಗಳಿಗೆ ಪ್ರಾರಂಭದಲ್ಲಿ ರಕ್ತನಾಳದ ಮೂಲಕ ಡ್ರಿಪ್ ನೀಡಲಾಗುತ್ತದೆ. ಸಾಮಾನ್ಯವಾಗಿ 28ರಿಂದ 31 ವಾರಗಳ ಶಿಶುಗಳಿಗೆ ಬಾಯಿ ಅಥವಾ ಮೂಗಿನ ಮೂಲಕ ಜಠರಕ್ಕೆ ಇಳಿಸಿದ ತೆಳುವಾದ ನಳಿಕೆಯಿಂದ ತಾಯಿಯ ಹಾಲನ್ನೇ ಕೊಡಲಾಗುತ್ತದೆ. 32ರಿಂದ 34 ವಾರಗಳ ಶಿಶುಗಳಿಗೆ ಚಮಚ ಅಥವಾ ಒಳಲೆ ಬಳಸಲಾಗುತ್ತದೆ. ಇದು ನಮ್ಮ ಮನೆಗಳಲ್ಲಿ ಅಜ್ಜಿಯರು ಬಳಸುತ್ತಿದ್ದ ಒಳಲೆಯೇ. ಆದರೆ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಹಾಲು ಹೊಯ್ಯುವ ಹಳೆಯ ಪದ್ಧತಿ ಇಲ್ಲಿ ಸಲ್ಲದು. ಮಗುವಿನ ತಲೆಯನ್ನು ಎತ್ತಿ ಹಿಡಿದು, ಒಳಲೆಯ ತುದಿಯನ್ನು ತುಟಿಯ ಅಂಚಿಗೆ ತಾಗಿಸಿ, ಪ್ರತಿ ಗುಟುಕನ್ನು ನುಂಗಿದ ನಂತರವೇ ಮುಂದುವರಿಯಬೇಕು. ಹಾಲುಣಿಸುವ ಬಾಟಲಿಗಳನ್ನು ಬಳಸಬಾರದು.

ತಾಯಂದಿರ ಗಮನಕ್ಕೆ

ಮಗು ಚೀಪದಿದ್ದರೂ ಹೆರಿಗೆಯಾದ ಕೆಲವೇ ಗಂಟೆಗಳೊಳಗೆ ಹಾಲು ಹಿಂಡಲು ಪ್ರಾರಂಭಿಸಬೇಕು. ರಾತ್ರಿಯೂ ಸೇರಿದಂತೆ ದಿನಕ್ಕೆ ಕನಿಷ್ಠ 8 ಬಾರಿ ಹಿಂಡದಿದ್ದಲ್ಲಿ ಹಾಲು ಬತ್ತಿಹೋಗುವ ಸಾಧ್ಯತೆಯಿದೆ. ಮೊದಲ ದಿನ ಕೆಲವೇ ಹನಿ ಬಂದರೆ ಎದೆಗುಂದಬೇಕಾಗಿಲ್ಲ. ಆ ಹಳದಿ ಗಿಣ್ಣುಹಾಲು ಸೋಂಕುಗಳ ವಿರುದ್ಧ ರಕ್ಷಣೆ ನೀಡುತ್ತದೆ, ಅದನ್ನು ಚೆಲ್ಲಬಾರದು. ಕೈಗಳನ್ನು ಸೋಪಿನಿಂದ ತೊಳೆದು, ಘಟಕದಲ್ಲಿ ನೀಡುವ ಶುದ್ಧ ಬಟ್ಟಲಿಗೆ ಹಿಂಡಿ, ಶುಶ್ರೂಷಕಿಯರಿಗೆ ಒಪ್ಪಿಸಬೇಕು. ಹಾಲು ಸಾಲದಿದ್ದಲ್ಲಿ ವೈದ್ಯರು ದಾನಿ ತಾಯಂದಿರ ಹಾಲನ್ನು ಸೂಚಿಸಬಹುದು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಎದೆಹಾಲಿನ ಬ್ಯಾಂಕ್ ಆರಂಭಿಸಲಾಗಿದೆ.

ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿಕೊಳ್ಳುವ ಕಾಂಗರೂ ಆರೈಕೆಯಿಂದ ಹಾಲೂ ಹೆಚ್ಚುತ್ತದೆ. ತಂದೆ ಅಥವಾ ಅಜ್ಜಿಯೂ ಈ ಆರೈಕೆ ನೀಡಬಹುದು. ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ ಇವುಗಳನ್ನು ಯಾವ ಹಂತದಲ್ಲಿಯೂ ಕೊಡತಕ್ಕದ್ದಲ್ಲ. ಹೊಟ್ಟೆ ಉಬ್ಬರಿಸಿದರೆ ಅಥವಾ ಹಸಿರು ಬಣ್ಣದ ವಾಂತಿಯಾದರೆ ಕೂಡಲೇ ಸಿಬ್ಬಂದಿಗೆ ತಿಳಿಸಬೇಕು.

ಶುಲ್ಕ ಮತ್ತು ದಾಖಲೆ

2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುಗಳ ಚಿಕಿತ್ಸೆ, ಔಷಧಿ, ಪರೀಕ್ಷೆ ಹಾಗೂ ಸಾರಿಗೆ ಉಚಿತವಾಗಿರುತ್ತದೆ. ತಾಯಿ ಕಾರ್ಡನ್ನು ಜೊತೆಯಲ್ಲಿ ತರುವುದು ಸೂಕ್ತ. ಆದರೆ ಕಾರ್ಡ್ ಸಿಗಲಿಲ್ಲವೆಂದು ಮಗುವನ್ನು ಕರೆತರಲು ತಡ ಮಾಡಬಾರದೆಂದು ಪೋಷಕರಲ್ಲಿ ಕೋರಲಾಗಿದೆ.