ವಾಗ್ಲೆಯವರ ಮನೆಯೂ ನಮ್ಮ ಮನೆಯೂ

ನಾಟ್ಯಶಾಸ್ತ್ರದಲ್ಲಿ ಹಾಸ್ಯರಸವನ್ನು ನಿರೂಪಿಸುವ ಭರತಮುನಿಯು ನಗೆಯನ್ನು ಆತ್ಮಸ್ಥವೆಂದೂ ಪರಸ್ಥವೆಂದೂ ವಿಭಾಗಿಸಿ, ಉತ್ತಮರ ಸ್ಮಿತದಿಂದ ಮೊದಲುಗೊಂಡು ಅಧಮರ ಅತಿಹಸಿತದವರೆಗೆ ಅದರ ಆರು ಭೇದಗಳನ್ನು ಎಣಿಸಿದ್ದಾನೆ. ಆದರೆ ನಮ್ಮ ಪ್ರಾಚೀನ ಪ್ರಹಸನಗಳಲ್ಲಿ ನಗೆಗೆ ಈಡಾದವರು ಯಾರೆಂದು ನೋಡಹೊರಟರೆ, ರಂಗದೆದುರು ಕುಳಿತ ಸಾಮಾನ್ಯ ಗೃಹಸ್ಥನಿಗೆ ತನ್ನ ಮುಖವು ಅಲ್ಲಿ ಕಾಣಸಿಗುವುದು ದುರ್ಲಭವೆಂದೇ ಹೇಳಬೇಕು. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ ಮದ್ಯಪಾನದಿಂದ ಮೈಮರೆತ ಕಾಪಾಲಿಕನು ತನ್ನ ಕಪಾಲಪಾತ್ರೆಯನ್ನು ಕಳೆದುಕೊಂಡು, ನಾಯಿ ಕಚ್ಚಿಕೊಂಡು ಹೋದ ವಸ್ತುವಿಗಾಗಿ ಬೌದ್ಧ ಭಿಕ್ಷುವಿನ ಮೇಲೆ ಕಳವನ್ನು ಹೊರಿಸುತ್ತಾನೆ. ಕಂಚಿಯ ಪ್ರೇಕ್ಷಕರು ಅವನನ್ನು ಕಂಡು ನಕ್ಕಿರಬೇಕು. ಆದರೆ ಮನೆಗೆ ಮರಳುವಾಗ ‘ಇವನು ಥೇಟು ನನ್ನ ಹಾಗೆಯೇ’ ಎಂದುಕೊಂಡವರು ವಿರಳವಾಗಿಯೇ ಇದ್ದಿರಬೇಕು.

ನೋಡುವವನೇ ನಗೆಯ ವಸ್ತುವಾಗಿ ರಂಗವನ್ನೇರಿದ್ದು, ನಮ್ಮ ನಾಡಿನಮಟ್ಟಿಗೆ, ಟಿ. ಪಿ. ಕೈಲಾಸಂ (1884–1946) ಅವರ ಕಾಲದಲ್ಲಿ ಎಂದು ನಾನು ನಂಬಿದ್ದೇನೆ. ಕಿರೀಟ ಭುಜಕೀರ್ತಿಗಳ ಕಂಪನಿ ನಾಟಕಗಳಿಗೆ ಒಗ್ಗಿದ್ದ ಬೆಂಗಳೂರಿನ ವಕೀಲರೂ ಗುಮಾಸ್ತರೂ, ತಮ್ಮ ಮನೆಯ ಪಡಸಾಲೆಯೇ ರಂಗದ ಮೇಲೆ ಎದ್ದುಬಂದಿರುವುದನ್ನು, ತಾವು ದಿನವೂ ಆಡುವ ಇಂಗ್ಲಿಷು ಬೆರೆತ ಕನ್ನಡವೇ ಪಾತ್ರಗಳ ಬಾಯಲ್ಲಿ ಹೊರಡುತ್ತಿರುವುದನ್ನು ಮೊದಲ ಬಾರಿಗೆ ಕಂಡರು. ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯ ಅಂಕಗಳಿಂದಲೇ ಮಕ್ಕಳ ಯೋಗ್ಯತೆಯನ್ನು ಅಳೆಯುವ ತಂದೆಯನ್ನು ನೋಡಿ ನಕ್ಕವರಲ್ಲಿ ಅಂತಹ ತಂದೆಯರೇ ಹೆಚ್ಚಾಗಿದ್ದರೆಂಬುದು ಆ ನಾಟಕದ ನಿಜವಾದ ವಿಜಯ.

ಈ ಪರಂಪರೆಯ ಇನ್ನೊಂದು ಎಳೆ ಮೈಸೂರಿನದು. ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರಗಳನ್ನು ಬರೆಯುತ್ತಿದ್ದ ತರುಣರಲ್ಲಿ, 1921ರಲ್ಲಿ ಮೈಸೂರಿನಲ್ಲಿ ಶಾಲಾ ಮುಖ್ಯೋಪಾಧ್ಯಾಯರ ಮಗನಾಗಿ ಜನಿಸಿದ ಆರ್. ಕೆ. ಲಕ್ಷ್ಮಣರೂ ಒಬ್ಬರು. ಮುಂಬಯಿಯ ಕಲಾಶಾಲೆ ಪ್ರವೇಶ ನಿರಾಕರಿಸಿದ ಮೇಲೂ ಅದೇ ನಗರದ ಪತ್ರಿಕೆಯಲ್ಲಿ ದಶಕಗಳ ಕಾಲ ದುಡಿದ ಅವರು ಸೃಷ್ಟಿಸಿದ ಶ್ರೀಸಾಮಾನ್ಯನಿಗೆ ಚೌಕುಳಿಯ ಕೋಟು, ಧೋತರ, ದುಂಡು ಕನ್ನಡಕ ಎಲ್ಲವೂ ಇದ್ದವು. ಮಾತು ಮಾತ್ರ ಇರಲಿಲ್ಲ. ಅವನು ಮೌನಸಾಕ್ಷಿ. ನಾವು ಅವನ ಕಣ್ಣುಗಳ ಮೂಲಕ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ನೋಡಿ ನಕ್ಕೆವೇ ಹೊರತು, ಅವನನ್ನು ನೋಡಿ ನಗಲಿಲ್ಲ.

ಅದೇ ಲಕ್ಷ್ಮಣರ ಕಲ್ಪನೆಯಿಂದ 1988ರಲ್ಲಿ ದೂರದರ್ಶನಕ್ಕೆ ಬಂದ ಶ್ರೀನಿವಾಸ ವಾಗ್ಲೆಗೆ ಮಾತೂ ಇತ್ತು, ಸಂಸಾರವೂ ಇತ್ತು. ಆ ವೇಳೆಗೆ ನೆಲವು ಹದವಾಗಿತ್ತು. 1981ರ ನವೆಂಬರ್ 1ರಂದು ಬೆಂಗಳೂರಿನ ಕೇಂದ್ರ ಆರಂಭವಾಗಿ, ಮರುವರ್ಷದ ಏಷ್ಯನ್ ಕ್ರೀಡೆಗಳೊಡನೆ ವರ್ಣಪ್ರಸಾರವೂ ಬಂದು, 1984ರಲ್ಲಿ ಶರದ್ ಜೋಶಿಯವರು ಬರೆದ ‘ಯೇ ಜೋ ಹೈ ಜಿಂದಗೀ’ ಧಾರಾವಾಹಿಯು ಗಂಡ, ಹೆಂಡತಿ, ಭಾವಮೈದುನರ ಒಂದು ಮನೆಯಿಂದಲೇ ದೇಶವನ್ನು ನಗಿಸಬಹುದೆಂದು ತೋರಿಸಿಕೊಟ್ಟಿತ್ತು. ಲಕ್ಷ್ಮಣರ ಅಣ್ಣನ ಕಥೆಗಳನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ನಮ್ಮನ್ನು ಬಾಲ್ಯಕ್ಕೆ ಕರೆದೊಯ್ದಿದ್ದರೆ, ಕುಂದನ್ ಶಾ ನಿರ್ದೇಶಿಸಿದ ‘ವಾಗ್ಲೇ ಕೀ ದುನಿಯಾ’ ನಮ್ಮನ್ನು ಅಂದಿನ ದಿನದಲ್ಲಿಯೇ, ತಿಂಗಳ ಕೊನೆಯ ವಾರದಲ್ಲಿಯೇ, ಕೂರಿಸಿಬಿಟ್ಟಿತು.

ವಾಗ್ಲೆ ಖಾಸಗಿ ಕಂಪನಿಯೊಂದರ ಮಾರಾಟ ಗುಮಾಸ್ತ. ಅವನಲ್ಲಿ ಹಾಸ್ಯನಟನ ಚೇಷ್ಟೆಯಿಲ್ಲ, ವಿಕಾರವಿಲ್ಲ, ಇರುವುದು ಸಂಕೋಚವೊಂದೇ. ರಸ್ತೆಯಲ್ಲಿ ಕಾರು ತಾಗಿ ಬಿದ್ದ ಅವನ ಕಥೆಯ ಕಂತಿನಲ್ಲಿ ಆ ಕಾರನ್ನು ನಡೆಸುವ ಯುವಕನಾಗಿ, ಆಗಿನ್ನೂ ಪ್ರಸಿದ್ಧನಾಗಿರದ ಶಾರುಖ್ ಖಾನ್ ಕಾಣಿಸಿಕೊಂಡಿದ್ದುಂಟು; ಜನ ಈಗ ಅದನ್ನು ಆತನಿಗಾಗಿ ನೆನೆಯುತ್ತಾರಾದರೂ, ಆ ಕಂತಿನ ಜೀವವು ಬಿದ್ದ ಮನುಷ್ಯನ ಮುಖದಲ್ಲಿತ್ತು. ಅಂಜನ್ ಶ್ರೀವಾಸ್ತವ ಆ ಮುಖವನ್ನು ಬೇರೆಲ್ಲಿಂದಲೋ ಎರವಲು ತಂದವರಲ್ಲ. ಹಗಲು ಬ್ಯಾಂಕಿನ ಕೆಲಸ, ಸಂಜೆ ಇಪ್ಟಾ ರಂಗತಂಡ ಎಂದು ಬಾಳಿದ ಅವರಿಗೆ ಕಡತ, ಮೇಲಧಿಕಾರಿ, ತಡವಾದ ಲೋಕಲ್ ರೈಲು ಇವೆಲ್ಲ ಅನುಭವದಿಂದ ಬಂದ ಸಂಗತಿಗಳು. ಪಕ್ಕದಲ್ಲಿ ರಾಧಿಕೆಯಾಗಿ ನಿಂತ ಭಾರತಿ ಆಚ್ರೇಕರರ ಗೃಹಿಣಿಯೂ ಗಂಡನ ಅಂಜುಬುರುಕತನವನ್ನು ಬಲ್ಲವಳು, ಆದರೂ ಅವನನ್ನು ಹೀನಾಯವಾಗಿ ಕಾಣದವಳು.

ಇಲ್ಲಿ ನಮ್ಮ ಆಲಂಕಾರಿಕರೊಡನೆ ಒಂದು ವಾದ ಹೂಡಬೇಕಾಗಿದೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವನ್ನು ಅಂಗೀಕರಿಸಿದ ಅಭಿನವಗುಪ್ತನು ರಸಾನುಭವಕ್ಕೊದಗುವ ಏಳು ವಿಘ್ನಗಳನ್ನು ಪಟ್ಟಿಮಾಡುತ್ತ, ‘ಇದು ನನ್ನದು’, ‘ಇದು ಪರರದು’ ಎಂಬ ಭಾವದಿಂದ ನೋಡುವುದನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಅವನ ದೃಷ್ಟಿಯಲ್ಲಿ ಪಾತ್ರದಲ್ಲಿ ತನ್ನನ್ನೇ ಕಾಣುವ ಪ್ರೇಕ್ಷಕನು ಸಹೃದಯನಾಗಲು ಇನ್ನೂ ಒಂದು ಮೆಟ್ಟಿಲು ಹತ್ತಬೇಕು. ಶೋಕ, ಭಯಗಳ ವಿಷಯದಲ್ಲಿ ಈ ಮಾತು ಸರಿಯೇ: ರಂಗದ ಮೇಲಿನ ಮರಣವು ತನ್ನ ಮನೆಯದೆಂದು ಭ್ರಮಿಸಿದವನಿಗೆ ಕರುಣರಸವೆಲ್ಲಿಯದು? ಆದರೆ ಗೃಹಹಾಸ್ಯದಲ್ಲಿ ಆ ವಿಘ್ನವೇ ಹೆಬ್ಬಾಗಿಲಾಗುತ್ತದೆ. ಸಾಲ ಕೇಳಲು ನಾಚುವ ವಾಗ್ಲೆಯಲ್ಲಿ ತನ್ನ ನಾಚಿಕೆಯನ್ನು ಗುರುತಿಸಿದ ನೋಡುಗನು, ಅದೇ ಗಳಿಗೆಯಲ್ಲಿ ಅದು ಪಕ್ಕದ ಮನೆಯವನದೂ ಹೌದೆಂದು ಅರಿಯುತ್ತಾನೆ. ಹಾಗೆ ಹಂಚಿಹೋದ ನಾಚಿಕೆ ನಾಚಿಕೆಯಾಗಿ ಉಳಿಯದೆ ನಗೆಯಾಗುತ್ತದೆ.

ಹಂಚಿಕೆ ಎಂಬ ಈ ಮಾತು ಆ ಕಾಲಕ್ಕೆ ಅಕ್ಷರಶಃ ನಿಜವಾಗಿತ್ತು. ಬೀದಿಗೆ ಒಂದೋ ಎರಡೋ ಟಿ.ವಿ. ಪೆಟ್ಟಿಗೆಗಳಿದ್ದ ದಿನಗಳಲ್ಲಿ, ಮಾಳಿಗೆಯ ಮೇಲೆ ಒಬ್ಬನು ಆಂಟೆನಾ ತಿರುಗಿಸುತ್ತಿರಲು ಕೆಳಗಿನಿಂದ ‘ಬಂತು, ಬಂತು’ ಎಂದು ಕೂಗುತ್ತ, ಚಾಪೆಯ ಮೇಲೆ ಒತ್ತೊತ್ತಾಗಿ ಕುಳಿತು ನೋಡಿದವರು ಒಂದೇ ಕುಟುಂಬದವರಾಗಿರಲಿಲ್ಲ. ಹಿಂದಿ ಚೆನ್ನಾಗಿ ಬಾರದ ಹಿರಿಯರೂ ಅಲ್ಲಿರುತ್ತಿದ್ದರು. ಅವರಿಗೆ ಮಾತಿನ ಅರ್ಥ ಬೇಕಾಗುತ್ತಿರಲಿಲ್ಲ, ವಾಗ್ಲೆ ಜೇಬಿಗೆ ಕೈಹಾಕುವ ರೀತಿಯೇ ಸಾಕಾಗುತ್ತಿತ್ತು. ಮರುದಿನ ನಲ್ಲಿಯ ಬಳಿಯಲ್ಲಿ ನೆರೆಯವರಿಗೆ ಪಾತ್ರಗಳ ಹೆಸರಿಟ್ಟು ಕರೆಯುವುದು, ಹಾಗೆ ಕರೆಸಿಕೊಂಡವರು ಮುನಿಸಿಕೊಳ್ಳದಿರುವುದು, ಆ ಕಾಲದ ಒಂದು ಸುಂದರ ಸಂಪ್ರದಾಯವೆಂದೇ ನಾನು ಎಣಿಸುತ್ತೇನೆ.

ಕನ್ನಡದಲ್ಲಿಯೂ ಈ ಗೃಹಹಾಸ್ಯ ಬೇರೂರಿತು. ‘ಸಿಹಿಕಹಿ’ ಧಾರಾವಾಹಿಯ ಚಂದ್ರು, ಗೀತಾ ದಂಪತಿಗೆ ಆ ಹೆಸರೇ ಇಂದಿಗೂ ಮನೆತನದ ಹೆಸರಿನಂತೆ ಅಂಟಿಕೊಂಡಿದೆ. ಮುಂದೆ ‘ಪಾಪ ಪಾಂಡು’ ಬಂದಾಗ ಹೆಂಡತಿಗೆ ಅಂಜುವ ಎಷ್ಟೋ ಮಂದಿ ಗಂಡಂದಿರು ಪಾಂಡುವೆಂಬ ಬಿರುದನ್ನು ತಾವಾಗಿಯೇ ಸ್ವೀಕರಿಸಿದರು. ಇವುಗಳಲ್ಲಿ ನಗೆ ಕೊಂಚ ಜೋರಾಯಿತು, ಚೇಷ್ಟೆ ಹೆಚ್ಚಾಯಿತು. ಸ್ಮಿತವು ಸ್ವಲ್ಪ ಹಿಂದೆ ಸರಿಯಿತೆಂದು ನನಗೆ ತೋರುತ್ತದೆ, ಪ್ರೀತಿ ಮಾತ್ರ ಕಡಿಮೆಯಾಗಲಿಲ್ಲ.

2021ರಲ್ಲಿ ವಾಗ್ಲೆ ಕುಟುಂಬವು ಕಿರುತೆರೆಗೆ ಮರಳಿ ಬಂದಾಗ, ಗುಮಾಸ್ತನ ಸ್ಥಾನದಲ್ಲಿ ಅವನ ಮಗ ರಾಜೇಶನಿದ್ದನು. ಅಂಜನ್ ಶ್ರೀವಾಸ್ತವ ಮತ್ತು ಭಾರತಿ ಆಚ್ರೇಕರರು ಅದೇ ಶ್ರೀನಿವಾಸ, ಅದೇ ರಾಧಿಕೆಯಾಗಿ, ಆದರೆ ಮೊಮ್ಮಕ್ಕಳಿರುವ ಅಜ್ಜ ಅಜ್ಜಿಯಾಗಿ, ಕಾಣಿಸಿಕೊಂಡರು. ನಟರ ಕೂದಲಿಗೆ ಬಂದ ನರೆ ಬಣ್ಣಗಾರನದಾಗಿರಲಿಲ್ಲ. ಅಂದು ಚಾಪೆಯ ಮೇಲೆ ಕುಳಿತು ತಮ್ಮ ತಂದೆಯನ್ನು ವಾಗ್ಲೆಯಲ್ಲಿ ಕಂಡ ಮಕ್ಕಳು ಈಗ ರಾಜೇಶನ ವಯಸ್ಸಿನವರು. ಅವರು ಮಗನ ಸಂಕೋಚದಲ್ಲಿ ತಮ್ಮನ್ನೂ, ಅಜ್ಜನ ಹಟದಲ್ಲಿ ಮತ್ತೆ ಅದೇ ತಂದೆಯನ್ನೂ ಒಂದೇ ಕಂತಿನಲ್ಲಿ ಕಾಣತೊಡಗಿದರು.